ಇಪ್ಪತ್ತೆರಡು ವರ್ಷದ ಮೇಲೆ ಎರಡು ವರ್ಷ

ಉಡಚಮ್ಮನ ಅಜ್ಜ ಆದೆಪ್ಪ ಇರಕಲ್ಲಗಡದಲ್ಲಿ ಹಲಗೆ ಬಾರಿಸುವವನು. ರಜಾಕಾರರ ಗದ್ದಲದ ವರ್ಷ, ಸವಾರರು ಬರುತ್ತಿರುವ ಸುಳಿವು ಸಿಕ್ಕ ಒಂದು ಸಂಜೆ, ಗುಡ್ಡದ ನೆತ್ತಿಗೆ ಹತ್ತಿ ಒಂದೇ ಸಮನೆ ಹಲಗೆ ಬಾರಿಸಿದ. ಕೆಳಗಿನ ಹಳ್ಳಿಗಳ ಹೆಂಗಸರು, ಮಕ್ಕಳು ಆ ಸದ್ದು ಕೇಳಿ ಬಂಡೆಗಳ ಸಂದಿ ಸೇರಿ ಜೀವ ಉಳಿಸಿಕೊಂಡರು. ಮುಂದೆ ಮುನಿರಾಬಾದಿನಲ್ಲಿ ಡ್ಯಾಮು ಕಟ್ಟುವಾಗ ಕಲ್ಲು ಹೊರಲು ಹೋಗಿ ಎರಡು ಬೆರಳು ಕಳೆದುಕೊಂಡ. ಉಳಿದ ಎಂಟರಲ್ಲೇ ಬಾರಿಸುತ್ತ ಎಂಬತ್ತು ದಾಟಿದ.

ಅವನ ಮಗಳು ಫಕೀರಮ್ಮನನ್ನು ಅಳವಂಡಿಗೆ ಕೊಟ್ಟಿದ್ದರು. ಅಲ್ಲಿ ಶಾಲೆಯ ಮಾಸ್ತರ ಇವಳ ಮಗಳನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿದ್ದು ಕಂಡು, ಕೂಲಿ ಬಿಟ್ಟು ಮೂರು ದಿನ ಶಾಲೆಯ ಹೊಸ್ತಿಲ ಮೇಲೆ ಕೂತಳು. ಮಾಸ್ತರ ಒಳಗೆ ಹೋಗಲು ಬಂದಾಗಲೆಲ್ಲ ಊರಿಗೇ ಕೇಳುವಂತೆ ಕೇಳಿದಳು: ನನ್ನ ಮಗಳಿಗೆ ಜಾಗ ಎಲ್ಲೈತ್ರಿ? ನಾಲ್ಕನೆಯ ದಿನ ಮಗಳು ಒಳಗೆ ಕೂತಳು. ನಾಲ್ಕನೆಯ ಇಯತ್ತೆ ಮುಗಿಯುವ ತನಕ ಒಳಗೇ ಕೂತಳು. ಆ ಮಗಳೇ ಉಡಚಮ್ಮ. ಈ ಮನೆತನದಲ್ಲಿ ಆಸ್ತಿ ಎಂದು ಕೈಗೆ ಬಂದದ್ದು ಗಂಟಲು ಒಂದೇ.

ಗಿಣಿಗೇರಾದ ಕಾರ್ಖಾನೆಯಲ್ಲಿ ಮಾಲು ಏರಿಸಿ ಇಳಿಸುವ ಗವಿಸಿದ್ದಪ್ಪನ ಕೈ ಹಿಡಿದು ಅವಳು ತಾಲ್ಲೂಕು ಊರಿಗೆ ಬಂದಳು. ಯಾವ ಊರು ಎಂದು ಹೇಳುವುದು ಬೇಡ. ಕುಷ್ಟಗಿಯವರು ತಮ್ಮದೆನ್ನಲಿ, ಯಲಬುರ್ಗಾದವರು ತಮ್ಮದೆನ್ನಲಿ. ಅಲ್ಲಿ ಗುತ್ತಿಗೆದಾರನ ಕೈಕೆಳಗೆ ಬಜಾರದ ಓಣಿ ಗುಡಿಸಲು ಸೇರಿದಾಗ ಅವಳಿಗೆ ಇಪ್ಪತ್ತನಾಲ್ಕು. ಐದು ಜನ ಗುತ್ತಿಗೆದಾರರು ಬಂದು ಹೋದರು. ಒಬ್ಬ ಬಂದಾಗ ಅವಳ ಹೆಸರು ಪಟ್ಟಿಯಲ್ಲಿ ಇರುತ್ತಿತ್ತು, ಇನ್ನೊಬ್ಬ ಬಂದಾಗ ಇರುತ್ತಿರಲಿಲ್ಲ. ಹಾಜರಿ ಕೂಗುವ ಹೊತ್ತಿಗೆ ಮುಕದ್ದಮ ಕತ್ತೆತ್ತಿ ‘ನಾಳೆಯಿಂದ ಬರಬ್ಯಾಡ’ ಎಂದರೆ ಮುಗಿಯಿತು. ಇಪ್ಪತ್ತೆರಡು ವರ್ಷ ಅವಳು ಆ ಒಂದು ಮಾತಿಗೆ ಹೆದರಿಕೊಂಡೇ ಕಸಬರಿಗೆ ಹಿಡಿದಳು.

ಆದರೆ ಓಣಿಯವರಿಗೆ ಹೆದರಿದವಳಲ್ಲ. ಕಸಬರಿಗೆಗಿಂತ ಅವಳ ಬಾಯಿಯೇ ಓಣಿಯನ್ನು ಹೆಚ್ಚು ಗುಡಿಸುತ್ತಿತ್ತು. ಬಾಳೆಹಣ್ಣಿನ ಸಿಪ್ಪೆ ಕೈಯಿಂದ ನೆಲಕ್ಕೆ ಬೀಳುವ ಮುಂಚೆ ಅವಳ ಕೂಗು ಕೇಳಿ ಮತ್ತೆ ಕೈಗೇ ಸೇರಿದ್ದುಂಟು. ಖಾನಾವಳಿಯ ಪ್ರಭುರಾಜನನ್ನು ಒಮ್ಮೆ ತುಂಬಿದ ಗಿರಾಕಿಗಳ ಎದುರೇ ವಿಚಾರಿಸಿಕೊಂಡಿದ್ದಳು.

“ಪ್ರಭುರಾಜಣ್ಣ, ಈ ಎಂಜಲ ಎಲಿ ನಿಮ್ಮ ದೇವರ ಜಗಲಿ ಮ್ಯಾಗ ಇಡ್ತೀರೇನ್ರಿ?”

“ಯಾಕಬೇ, ಅಲ್ಯಾಕ ಇಡ್ಲಿ?”

“ಮತ್ತ ಗಟಾರದಾಗ ಯಾಕ ಇಟ್ಟೀರಿ? ನಾ ದಿನಾ ಬೆಳಿಗ್ಗೆ ಬಾಗಿ ಬಾಗಿ ಕೈ ಹಾಕೂ ಜಾಗ ಅದು.”

ಗಿರಾಕಿಗಳು ನಕ್ಕರು. ಪ್ರಭುರಾಜ ನಗಲಿಲ್ಲ. ಮರುದಿನದಿಂದ ಎಲೆಗಳು ಡಬ್ಬಿಗೆ ಬೀಳತೊಡಗಿದವು.

ಹೀಗಿರುವಾಗ ಸರ್ಕಾರ ಗುತ್ತಿಗೆ ತೆಗೆದು ಪೌರಕಾರ್ಮಿಕರನ್ನು ನೇರವಾಗಿ ನೇಮಿಸಿಕೊಂಡಿತು. ಉಡಚಮ್ಮನಿಗೂ, ಹಿಂದಿನ ಗಲ್ಲಿ ಗುಡಿಸುವ ಗೆಳತಿ ನೂರಜಾನಬಿಗೂ ಒಂದೇ ದಿನ ಆದೇಶ ಬಂತು. ಉಡಚಮ್ಮನ ಮಗಳು ಸುರೇಖಾ ಕಾಗದ ಓದಿ ಹೇಳಿದಳು. ಕೊನೆಗೊಂದು ಸಾಲಿತ್ತು: ಎರಡು ವರ್ಷ ಖಾಯಂಪೂರ್ವ ಅವಧಿ.

“ಹಂಗಂದ್ರ ಏನಬೇ?”

“ಪ್ರೊಬೇಷನ್ ಯವ್ವಾ. ನಿನಗ ಕೆಲಸ ಬರ್ತೈತೋ ಇಲ್ಲೋ ಅಂತ ಎರಡು ವರ್ಷ ನೋಡ್ತಾರ. ಛಲೋ ಮಾಡಿದ್ರ ಖಾಯಂ.”

“ಯಾವ ಕೆಲಸ?”

“ಕಸ ಹೊಡೆಯೂದು.”

ನೂರಜಾನಬಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಇಷ್ಟು ವರ್ಷ ನಾವು ಬಜಾರದಾಗ ಕುಂತು ಕೌದಿ ಹೊಲದ್ವಿ ಅಂತ ತಿಳದಾರೇನ ಅಕ್ಕಾ?”

ಉಡಚಮ್ಮ ನಗಲಿಲ್ಲ. ‘ಖಾಯಂ’ ಎಂಬ ಶಬ್ದ ಅವಳ ಎದೆಯಲ್ಲಿ ಆಗಲೇ ಬೇರು ಬಿಟ್ಟಿತ್ತು. ಅದೊಂದು ಕಾಗದ ಕೈಗೆ ಬಂದರೆ ‘ನಾಳೆಯಿಂದ ಬರಬ್ಯಾಡ’ ಎನ್ನುವ ಬಾಯಿಯೇ ಇರುವುದಿಲ್ಲ. ಪುರಸಭೆ ಕಚೇರಿಯ ಗುಮಾಸ್ತ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಇನ್ನೊಂದು ಮಾತು ಹೇಳಿದ: “ಈ ಎರಡು ವರ್ಷ ಸಾರ್ವಜನಿಕರಿಂದ ಒಂದು ತಕರಾರು ಅರ್ಜಿ ಬಂದ್ರೂ ಫೈಲು ಅಲ್ಲೇ ನಿಂತ್ಹಂಗ ತಿಳ್ಕೊರಿ.” ಹೇಳುತ್ತ ಉಡಚಮ್ಮನ ಕಡೆಗೇ ನೋಡಿದ. ಅವಳ ಗಂಟಲಿನ ಖ್ಯಾತಿ ಕಚೇರಿಯ ತನಕ ಮುಟ್ಟಿತ್ತು.

ಅಂದಿನಿಂದ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಮೊದಲ ವಾರ ಓಣಿಯವರು ಅವಳಿಗೆ ಮೈಯಲ್ಲಿ ಹುಷಾರಿಲ್ಲವೆಂದುಕೊಂಡರು. ತಿಂಗಳು ತುಂಬುವುದರೊಳಗೆ ಕಾರಣ ಎಲ್ಲರಿಗೂ ಗೊತ್ತಾಯಿತು. ಎಲ್ಲರಿಗಿಂತ ಮೊದಲು ಗೊತ್ತಾದದ್ದು ಪ್ರಭುರಾಜನಿಗೆ. ಒಂದು ಮುಂಜಾನೆ ಅವಳು ಗುಡಿಸಿ ಮುಗಿಸಿದ ಜಾಗದಲ್ಲೇ ಅವನು ಒಂದು ಬಕೆಟ್ ಎಂಜಲು ಸುರಿದು, ಅವಳ ಮುಖ ನೋಡುತ್ತ ನಿಂತ. ಅವಳು ಬಾಯಿ ತೆರೆದಳು. ಅವನು ಜೇಬಿನಿಂದ ಮೊಬೈಲು ತೆಗೆದು ಮುಂದೆ ಹಿಡಿದ.

“ಮಾತಾಡಬೇ ಉಡಚವ್ವ, ನಿನ್ನ ಸಾಹೇಬ್ರೂ ಕೇಳ್ಲಿ.”

ಅವಳು ಬಾಯಿ ಮುಚ್ಚಿ ಸಲಿಕೆ ತಂದಳು.

ಒಬ್ಬನ ಕೈ ಸಡಿಲಾದ ಮೇಲೆ ಉಳಿದವರ ಕೈಗಳೂ ಸಡಿಲಾದವು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ಕು, ಕ್ಷೌರದಂಗಡಿಯ ಕೂದಲು, ಕಬ್ಬಿನ ಹಾಲಿನವನ ಸಿಪ್ಪೆ ಎಲ್ಲ ನಡುಬೀದಿಗೇ ಬಂದವು. ಅವಳು ದಿನಕ್ಕೆ ಒಂದು ಸಲದ ಬದಲು ಮೂರು ಸಲ ಗುಡಿಸಿದಳು. ಎಡಮೊಣಕಾಲು ಬಾತು ಸೀರೆಯ ಮೇಲೆಯೇ ಕಾಣತೊಡಗಿತು. ರಜೆ ಹಾಕಿದರೆ ಅದೂ ಬರೆದಿಡುತ್ತಾರೆಂದು ಹಾಕಲಿಲ್ಲ. ಭಾನುವಾರ ಮನೆಗೆ ಬರುತ್ತಿದ್ದ ಗವಿಸಿದ್ದಪ್ಪ ಎಣ್ಣೆ ಕಾಸಿ ತಿಕ್ಕುತ್ತ, “ಬಿಟ್ಟಬಿಡು ಮಾರಾಯ್ತಿ, ಮನ್ಯಾಗಿರು” ಎಂದರೆ, ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಬಿಡುವುದಾದರೆ ಇಪ್ಪತ್ತೆರಡು ವರ್ಷವನ್ನೂ ಗಟಾರಕ್ಕೆ ಸುರಿದಂತೆ. ಬಿಡದಿದ್ದರೆ ಹೀಗೆ. ಮನೆಯಲ್ಲೂ ಅವಳ ದನಿ ಇಳಿದುಹೋಗಿತ್ತು. ಸುರೇಖಾ ಒಮ್ಮೆ ಬೇಕೆಂದೇ ತಾಟು ಕೆಳಗೆ ಕೆಡವಿ, ಅವ್ವ ಬೈಯುತ್ತಾಳೇನೋ ಎಂದು ಕಾದಳು. ಅವ್ವ ತಾಟು ಎತ್ತಿಟ್ಟಳು, ಅಷ್ಟೇ.

ಎರಡು ವರ್ಷ ತುಂಬಿತು. ಆರೋಗ್ಯ ನಿರೀಕ್ಷಕ ಜಾವೇದ ಇಪ್ಪತ್ತೇಳರ ಹುಡುಗ, ನೌಕರಿಗೆ ಬಂದು ವರ್ಷವಾಗಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಪ್ರತಿ ಓಣಿಯ ಫೋಟೋ ತೆಗೆದು ಮೇಲಕ್ಕೆ ಕಳಿಸುವುದು ಅವನ ಕೆಲಸ. ಹತ್ತಕ್ಕೆ ಬಜಾರದ ಓಣಿಯ ಅವಸ್ಥೆ ಹೇಗಿರುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. ಯಾರ ಮನೆಯೂ ಇಲ್ಲದ, ಗೋದಾಮಿನ ಗೋಡೆಗಳಷ್ಟೇ ಇರುವ ಗಲ್ಲಿಯ ನೂರಜಾನಬಿಗೆ ಖಾಯಂ ಆದೇಶ ಬಂತು. ಉಡಚಮ್ಮನ ಹೆಸರಿನ ಮುಂದೆ ‘ಕೆಲಸ ತೃಪ್ತಿಕರವಾಗಿಲ್ಲ, ಆರು ತಿಂಗಳು ವಿಸ್ತರಿಸಲಾಗಿದೆ’ ಎಂದು ಬಂತು.

ಅವಳು ಜಾವೇದನ ಮೇಜಿನ ಮುಂದೆ ನಿಂತಳು. “ಸಾಹೇಬ್ರ, ಆರು ಗಂಟೆಕ್ಕ ಬಂದು ನೋಡ್ರಿ, ನೆಲ ಕನ್ನಡಿ ಹಂಗ ಇರ್ತೈತಿ.”

“ಗೊತ್ತೈತಿ ಯವ್ವಾ. ನಾನೂ ಅದ ಊರಾಗ ಅಡ್ಡಾಡ್ತೀನಲ್ಲ.”

“ಮತ್ತ ಹಿಂಗ್ಯಾಕ ಬರದ್ರಿ?”

ಹುಡುಗ ಪೆನ್ನಿನ ಟೊಪ್ಪಿಗೆ ತೆಗೆದ, ಹಾಕಿದ. “ಫೋಟೋದಾಗ ಕಂಡಿದ್ದು ಬರದೀನಿ. ಬ್ಯಾರೆ ಬರದ್ರ ನನ್ನ ಕೇಳ್ತಾರ. ನನ್ನದೂ ಪ್ರೊಬೇಷನ್ ಐತಿ.” ಪೆನ್ನು ಕೆಳಗಿಟ್ಟು, “ಕಸ ಹಾಕೂ ಮಂದಿಗೆ ನೀವು ತಡೀಬೇಕಾಗಿತ್ತು” ಎಂದ.

“ತಡದ್ರ ತಕರಾರು ಬರ್ತೈತಿ ಅಂತ ನಿಮ್ಮ ಕಚೇರಿಯವರ ಹೇಳ್ಯಾರಲ್ರಿ.”

ಜಾವೇದ ನೀರಿನ ಬಾಟಲಿ ಅವಳ ಕಡೆ ಸರಿಸಿದ. ಅವಳು ಕುಡಿಯದೆ ಹೊರಗೆ ಬಂದಳು. ಬಾಯಿ ತೆರೆದರೆ ಅರ್ಜಿ, ಮುಚ್ಚಿದರೆ ಕಸ. ಎರಡೂ ಒಂದೇ ಫೈಲಿಗೆ ಹೋಗಿ ಬೀಳುತ್ತವೆ ಎಂದು ಮೆಟ್ಟಿಲಿಳಿಯುವಾಗ ಅವಳಿಗೆ ಸ್ಪಷ್ಟವಾಯಿತು.

ಮೂರನೆಯ ದಿನ ಮುಂಜಾನೆ ಖಾನಾವಳಿಯ ಮುಂದೆ ಗುಡಿಸುತ್ತಿದ್ದಾಗ ಪ್ರಭುರಾಜ ತಾನಾಗಿಯೇ ಹೊರಗೆ ಬಂದ. ಕೈಯಲ್ಲಿ ಚಹಾದ ಲೋಟ, ಬಗಲಲ್ಲಿ ಒಂದು ಕಾಗದ. ಹಳೆಯ ಸಿಟ್ಟು ಅವನಲ್ಲಿ ಎಂದೋ ತಣ್ಣಗಾಗಿತ್ತು. ತಾನು ಒಳ್ಳೆಯವನೆಂದು ತನಗೇ ಅನಿಸಿದ ಮುಖ.

“ಉಡಚವ್ವ, ನಿನ್ನ ಸುದ್ದಿ ಕೇಳಿ ಭಾಳ ಕೆಟ್ಟ ಅನಿಸ್ತು. ನೋಡಿಲ್ಲಿ, ಹದಿನಾಲ್ಕು ಅಂಗಡಿಯವರ ಸಹಿ ತಗೊಂಡೀನಿ. ‘ಓಣಿ ಹಸನ ಇರ್ತೈತಿ, ಈಕಿ ಕೆಲಸ ಉತ್ತಮ ಐತಿ’ ಅಂತ. ಮ್ಯಾಲಿನ ಸಾಹೇಬ್ರು ನಮ್ಮ ಬೀಗರ ಪೈಕಿ. ನಾಳೆ ನಾನ ಹೋಗಿ ಕೊಡ್ತೀನಿ. ವಾರದಾಗ ಖಾಯಂ ಆಗ್ತಿ.”

ಅವಳು ಕಸಬರಿಗೆ ನೆಲಕ್ಕೂರಿ ಕೇಳಿಸಿಕೊಂಡಳು. ಅವಳ ಕಣ್ಣು ಆ ಕಾಗದದ ಮೇಲೆ ನೆಟ್ಟಿತು. ಒಂದು ವಾರ ಎಂದನಲ್ಲ.

“ಅಂದ್ಹಂಗ ಬರೂ ತಿಂಗಳು ಮಗನ ಲಗ್ನ ಐತಿ,” ಎಂದ ಪ್ರಭುರಾಜ, ಲೋಟ ಅವಳ ಕಡೆ ಚಾಚುತ್ತ. “ಒಂದೆರಡು ದಿನ ಮನಿ ಹಿತ್ತಲದಾಗಿನ ಮೋರಿ ಬಳದುಕೊಡು. ಮನ್ಯಾಗಿನಕಿ ಹಂಗ ತಿಳಕೊಂಡೀನಿ ನಿನ್ನ.”

ಉಡಚಮ್ಮ ಲೋಟಕ್ಕೂ ಕೈ ಚಾಚಲಿಲ್ಲ, ಕಾಗದಕ್ಕೂ ಚಾಚಲಿಲ್ಲ. ದನಿ ಏರಿಸದೆ, ಅವನೊಬ್ಬನಿಗೆ ಕೇಳುವಷ್ಟೇ ಹೇಳಿದಳು:

“ಬ್ಯಾಡ್ರಿ ಅಣ್ಣಾರ. ಕಾಗದ ಮಡಚಿ ಇಟ್ಕೊರ್ರಿ. ಇವತ್ತು ಇದನ್ನ ತಗೊಂಡ್ನಿ ಅಂದ್ರ, ಲಗ್ನದ ಮೋರಿ ಆದ ಮ್ಯಾಲ ತೊಟ್ಟಿಲದ ಮೋರಿ, ಅದಾದ ಮ್ಯಾಲ ಮತ್ತೊಂದು. ನೀವು ಕರದಾಗೆಲ್ಲ ನಾ ಬರಬೇಕು. ಸರ್ಕಾರದವ್ರು ಆರು ತಿಂಗಳು ಅಂತ ತಾರೀಖು ಹಾಕಿ ಕೊಟ್ಟಾರ, ನೀವು ತಾರೀಖು ಹಾಕಿಲ್ಲ. ಆರು ತಿಂಗಳು ಇನ್ನೊಂದು ಸಲ ಬಗ್ತೀನ್ರಿ. ಆಗಲಿಲ್ಲಂದ್ರ ಆಗಲಿಲ್ಲ, ಅದೂ ನಂದ ಇರ್ಲಿ. ಚಾ ಆರೇತಿ, ನೀವ ಕುಡೀರಿ. ಕಾಲು ಒಂಚೂರು ಆಕಡೆ ತಗೀರಿ, ಅಲ್ಲಿ ಬಳಿಯೂದೈತಿ.”