ಗೊತ್ತಿಲ್ಲದ್ದಕ್ಕೆಲ್ಲ ಸೊನ್ನೆ

ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಕಾಗದ ಕತ್ತರಿಸುವ ಯಂತ್ರವಿತ್ತು. ಅದನ್ನು ನಡೆಸುತ್ತಿದ್ದ ಹಳೇ ಕಂಪ್ಯೂಟರ್ ಸತ್ತುಹೋಯಿತು. ಹೊಸದನ್ನು ತಂದರೆ ಯಂತ್ರದ ಡ್ರೈವರ್, ಅಂದರೆ ಕಂಪ್ಯೂಟರಿಗೂ ಯಂತ್ರಕ್ಕೂ ಮಾತುಕತೆ ನಡೆಸುವ ಪ್ರೋಗ್ರಾಮು, ಅದರಲ್ಲಿ ಓಡಲೊಲ್ಲದು. ತಯಾರಿಸಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಮಾಲೀಕರು ಚಾಮರಾಜಪೇಟೆಯ ನಮ್ಮ ಮನೆಗೇ ಬಂದು, ಮದುವೆ ಸೀಸನ್ನು ತಲೆ ಮೇಲಿದೆ, ಏನಾದರೂ ಮಾಡಿ ಅಂತ ಕೂತರು. ಇಂಥ ಕೆಲಸದಲ್ಲೇ ಕೂದಲು ಬೆಳ್ಳಗಾದವನು ನಾನು. ಅದೇನು ಮಹಾ ಅಂದೆ. ಕೊಬ್ಬು, ಇನ್ನೇನು.

ಹಳೇ ಡ್ರೈವರಿಗೂ ಹೊಸ ಆಪರೇಟಿಂಗ್ ಸಿಸ್ಟಮ್ಮಿಗೂ ನಡುವೆ ಕೂರುವ ದುಭಾಷಿ ಪ್ರೋಗ್ರಾಮೊಂದನ್ನು ಬರೆದೆ. ಡ್ರೈವರ್ ತನ್ನ ಕಾಲದ ಭಾಷೆಯಲ್ಲಿ ಪ್ರಶ್ನೆ ಕೇಳುತ್ತೆ, ನನ್ನದು ಉತ್ತರ ತಂದುಕೊಡುತ್ತೆ. ಮುಕ್ಕಾಲು ಪ್ರಶ್ನೆಗಳು ಅರ್ಥವಾದವು. ಉಳಿದವನ್ನು ಯಾಕೆ ಕೇಳುತ್ತೆ ಅಂತ ಆ ಬ್ರಹ್ಮನಿಗೂ ಗೊತ್ತಿರಲಿಲ್ಲ. ಉತ್ತರ ಸಿಗದಿದ್ದರೆ ಡ್ರೈವರ್ ಮೊಂಡು ಹಿಡಿದು ನಿಂತುಬಿಡುತ್ತಿತ್ತು. ಗೊತ್ತಿಲ್ಲದ್ದಕ್ಕೆಲ್ಲ ಸೊನ್ನೆ ಅಂತ ಉತ್ತರ ಕೊಡು ಅಂತ ಬರೆದುಬಿಟ್ಟೆ. ನಮ್ಮ ಕಸುಬಿನಲ್ಲಿ ಸೊನ್ನೆ ಅಂದರೆ ಸಾಮಾನ್ಯವಾಗಿ ಎಲ್ಲ ಸರಿಯಿದೆ ಅಂತ. ಯಂತ್ರ ಓಡಿತು. ಈ ಊರಲ್ಲಿ ಅಡ್ಜಸ್ಟ್ ಮಾಡದೆ ಯಾವ ಕೆಲಸ ಆಗಿದೆ ಹೇಳಿ?

ಒಂದು ಪರೀಕ್ಷೆ ಬಾಕಿಯಿತ್ತು. ಬ್ಲೇಡಿನ ಮುಂದೆ ಬೆಳಕಿನ ಗೆರೆಯೊಂದು ಹಾಯುತ್ತೆ. ಅದಕ್ಕೆ ಕೈ ಅಡ್ಡ ಬಂದರೆ ಬ್ಲೇಡು ಇಳಿಯಬಾರದು. ರಟ್ಟಿನ ಸುರುಳಿ ಅಡ್ಡ ಹಿಡಿದು ನೋಡೋಣ ಅಂತ ಎತ್ತಿಕೊಂಡೆ. ಅಷ್ಟರಲ್ಲಿ ಮಾಲೀಕರು ಯಂತ್ರಕ್ಕೆ ವಿಭೂತಿ ಬಳಿದು, ಊದುಬತ್ತಿ ಹಚ್ಚಿ, ಮೊದಲ ಕಟ್ಟು ಪತ್ರಿಕೆ ಒಳಗಿಟ್ಟಾಗಿತ್ತು. ಏನದು ಅಂದರು. ಕೈ ಕತ್ತರಿಸುತ್ತೋ ಇಲ್ಲವೋ ನೋಡಬೇಕು ಅಂದೆ.

“ಬಿಡ್ತು ಅನ್ನಿ. ಪೂಜೆ ಹೊತ್ತಲ್ಲಿ ಎಂಥ ಮಾತಾಡ್ತೀರಿ. ಯಾರದೋ ಮದುವೆ ಪತ್ರಿಕೆ ಇದು.”

ಬಿಡ್ತು ಅಂದೆ. ಸುರುಳಿ ಕೆಳಗಿಟ್ಟೆ. ಆಮೇಲೆ ನೋಡಿದರಾಯಿತು ಅಂದುಕೊಂಡು, ಕೊಟ್ಟ ಕೋಸಂಬರಿ ತಿಂದು ಮನೆಗೆ ಬಂದೆ. ಮತ್ತೆ ಹೋಗಲೇ ಇಲ್ಲ.

ಎರಡು ವಾರಕ್ಕೆ, ಆ ಯಂತ್ರ ನಡೆಸುತ್ತಿದ್ದವರ ಬಲಗೈಯ ಮೂರು ಬೆರಳು ಹೋದವು. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದ ಮನುಷ್ಯ. ಸೊಟ್ಟಗಾದ ಕಾರ್ಡು ಸರಿಮಾಡಲು ಕೈ ಹಾಕಿದ್ದರಂತೆ, ಬೆಳಕಿನ ಗೆರೆ ಕಾಯುತ್ತೆ ಅಂತ ನಂಬಿ. ಮಾಲೀಕರು ಫೋನಿನಲ್ಲಿ, ನಿಮ್ಮ ಕೆಲಸದ್ದೇನಲ್ಲ ಬಿಡಿ, ಅವನು ಹಿಂದೆ ಕುಡೀತಿದ್ದ, ಮತ್ತೆ ಶುರು ಮಾಡಿರಬೇಕು ಅಂದರು. ಅವನ ಹೆಂಡತಿಯೂ ಹಾಗೇ ಅಂದುಕೊಂಡು, ಮಗಳನ್ನು ಕರೆದುಕೊಂಡು ತವರಿಗೆ ಹೋಗುವ ಮಾತಾಡುತ್ತಿದ್ದಾಳೆ ಅಂದರು. ನನಗೆ ಹಾಯೆನಿಸಿತು. ಥೂ, ನನ್ನ ಜನ್ಮಕ್ಕಿಷ್ಟು. ನಿಜವಾಗಿಯೂ ಹಾಯೆನಿಸಿತು.

ಮಾರನೇ ಬೆಳಿಗ್ಗೆ ಆ ಬೆಳಕಿನ ಗೆರೆಯನ್ನೇ ಹುಡುಕಿಕೊಂಡು ಪ್ರೋಗ್ರಾಮು ತೆಗೆದು ನೋಡಿದೆ. ಗೆರೆಗೆ ಏನಾದರೂ ಅಡ್ಡ ಇದೆಯಾ ಅನ್ನುವ ಪ್ರಶ್ನೆ ನನಗೆ ಅರ್ಥವಾಗದವುಗಳಲ್ಲಿ ಒಂದಾಗಿತ್ತು. ಪ್ರತಿ ಸಲವೂ ನನ್ನ ಪ್ರೋಗ್ರಾಮು ಸೊನ್ನೆ ಅಂದಿತ್ತು. ಅಲ್ಲಿ ಸೊನ್ನೆ ಅಂದರೆ ಯಾರ ಕೈಯೂ ಇಲ್ಲ, ಬ್ಲೇಡು ಇಳಿಸಬಹುದು ಅಂತ.

ಕೂಡಲೇ ಅಂಗಡಿಗೆ ಫೋನ್ ಮಾಡಿ ಯಂತ್ರ ನಿಲ್ಲಿಸಿ ಅಂದೆ. ಏನೋ ಸಣ್ಣ ತೊಂದರೆ ಅಂತ ಮಾತ್ರ ಹೇಳಿದೆ. ಎಲ್ಲ ಮೊದಲಿಂದ ಬರೆದೆ. ಗೊತ್ತಿಲ್ಲದ ಪ್ರಶ್ನೆ ಬಂದರೆ ಯಂತ್ರ ನಿಲ್ಲಬೇಕು, ಉತ್ತರ ತಡವಾದರೂ ನಿಲ್ಲಬೇಕು. ಒಂದೊಂದು ಪ್ರಶ್ನೆಯ ಅರ್ಥ ಹುಡುಕಲು ಮೂರು ವಾರ ಹಿಡಿಯಿತು. ಆ ಮೂರು ವಾರ ಮೊದಲೇ ಕೂತಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಈ ಸಲ ರಟ್ಟಿನ ಸುರುಳಿಯನ್ನು ಹತ್ತಾರು ಸಲ ಅಡ್ಡ ಹಿಡಿದೆ. ಮಾಲೀಕರೇ ಪಕ್ಕದಲ್ಲಿ ನಿಂತು ಎಣಿಸಿದರು. ಬೆರಳು ಕಳಕೊಂಡವರ ಹೆಂಡತಿ ಹೊರಟೇ ಹೋದಳು ಅನ್ನುವುದು ಅವತ್ತು ಗೊತ್ತಾಯಿತು.

ನಾನೊಬ್ಬ ಬಾಯಿ ಬಿಟ್ಟರೆ ಅವರ ಸಂಸಾರ ಉಳಿಯುತ್ತೆ ಅಂತ ಗೊತ್ತಿದ್ದೂ, ಮಾವಳ್ಳಿಯ ಅವರ ಮನೆಗೆ ಹೋಗಲು ಇನ್ನೆರಡು ತಿಂಗಳು ಬೇಕಾಯಿತು. ಹೆದರಿಕೆ. ಹೋದಾಗ ಅವರು ಎಡಗೈಯಲ್ಲಿ ಶರಟಿನ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರು. ಎಲ್ಲ ಹೇಳಿದೆ. ಕೊರಳಪಟ್ಟಿ ಹಿಡೀತಾರೆ ಅಂತ ಕಾದೆ.

“ಹಂಗಾದ್ರೆ ನಾನು ಕುಡಿದಿರ್ಲಿಲ್ಲ,” ಅಂದರು. “ಎಲ್ರೂ ಅಂದೂ ಅಂದೂ ನಂಗೇ ಅನುಮಾನ ಬಂದ್ಬಿಟ್ಟಿತ್ತು ಸಾರ್.”

ಹೆಂಡತಿಗೆ ಫೋನ್ ಹಚ್ಚಿ ನಮ್ಮಿಬ್ಬರ ನಡುವೆ ಇಟ್ಟರು. ಇದನ್ನೇ ಅವಳಿಗೂ ಹೇಳಿ ಅಂದರು. ಸೊನ್ನೆ, ಬೆಳಕಿನ ಗೆರೆ, ತಪ್ಪು ನನ್ನದು, ಎಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

“ನೀವು ಅವರ ಜೊತೆ ಕುಡಿಯೋರಾ?” ಅಂದಳು. ಫೋನ್ ಇಟ್ಟಳು.

ಸ್ಪೀಕರ್ ಆನ್ ಇತ್ತು. ಅವರಿಗೂ ಕೇಳಿಸಿತು.