ಎಂಟು ಸಿಲಿಂಡರುಗಳಿಗೆ ಉಸಿರು ಹಂಚಿದ ಡೆಲ್ಬರ್ಟ್ ಓಸ್ಗುಡ್

ಹಳೆಯ ಕಾರಿನ ಮಡ್‌ಗಾರ್ಡು ಕಿತ್ತೆಸೆದು, ಇಂಜಿನ್ನಿಗೆ ಹುಚ್ಚು ಹಿಡಿಸಿ, ಮೊಹಾವಿ ಮರುಭೂಮಿಯ ಒಣಕೆರೆಯ ಮೇಲೆ ಗುಂಡಿನಂತೆ ಓಡಿಸುವ ಹಾಟ್‌ರಾಡ್ ವಿದ್ಯೆಯಲ್ಲಿ ಶ್ರೀ ಡೆಲ್ಬರ್ಟ್ ಓಸ್ಗುಡ್ ಅವರ ಸ್ಥಾನವೇನೆಂದು ಕೇಳುವವರಿಗೆ ಇಷ್ಟು ಹೇಳಿದರೆ ಸಾಕು: ಅವರಿಗಿಂತ ಮೊದಲು ಕ್ಯಾಲಿಫೋರ್ನಿಯದ ಇಂಜಿನ್ನುಗಳು ಮೂಗು ಕಟ್ಟಿದ ಕೂಸುಗಳಂತೆ ಗೊರಗುಟ್ಟುತ್ತಿದ್ದವು, ಅವರು ಬಂದ ಮೇಲೆ ಉಸಿರಾಡಿದವು. ಕಾರ್ಬ್ಯುರೇಟರಿನಿಂದ ಹೊರಟ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಎಂಟು ಸಿಲಿಂಡರುಗಳಿಗೆ ಹಂಚುವ ಕವಲುಗೊಳವೆಗೆ ಇನ್‌ಟೇಕ್ ಮ್ಯಾನಿಫೋಲ್ಡ್ ಎನ್ನುತ್ತಾರೆ. ಕಾರ್ಖಾನೆಯವರು ಅದರ ಮೇಲೆ ಒಂದೇ ಕಾರ್ಬ್ಯುರೇಟರು ಕೂರಿಸಿ ಕೈತೊಳೆದುಕೊಂಡಿದ್ದ ಕಾಲದಲ್ಲಿ, ಎರಡು ಕೂರುವಂಥದನ್ನು ಅಲ್ಯೂಮಿನಿಯಮ್ಮಿನಲ್ಲಿ ಎರಕ ಹೊಯ್ದ ಮೊದಲಿಗರು ಓಸ್ಗುಡ್ಡರು. ತಾವೇ ಮೊದಲಿಗರೆನ್ನುವವರು ಲಾಸ್ ಏಂಜಲೀಸಿನ ಬೀದಿಗೊಂದು ಡಜನ್ ಇದ್ದಾರೆ. ಅವರೆಲ್ಲರೂ ಸುಳ್ಳರೆಂಬುದನ್ನು ವಿನಯಪೂರ್ವಕವಾಗಿ ಇಲ್ಲಿ ದಾಖಲಿಸುತ್ತೇವೆ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಓಸ್ಗುಡ್ಡರು ಮರದಲ್ಲಿ ಅಚ್ಚು ಕೆತ್ತುವರು, ಗೆಳೆಯ ರೂಫಸ್ ಟ್ಯಾಲಿ ಕಾರು ಓಡಿಸುವನು. ಸ್ಟಿಯರಿಂಗು ಹಿಡಿದ ಕ್ಷಣದಿಂದ ಮೂಗಿನಲ್ಲೇ ಏನೋ ಗುನುಗುವುದು ಅವನ ಅಭ್ಯಾಸ. ಆ ಗುನುಗು ಪಕ್ಕದ ಜಿಲ್ಲೆಯ ನಾಯಿಗಳಿಗೂ ಕೇಳಿಸುತ್ತಿತ್ತಂತೆ. ಕಾದ ಲೋಹ ಆರುವಾಗ ಕುಗ್ಗುವುದರಿಂದ ಅಚ್ಚಿನವರು ತುಸು ಹಿಗ್ಗಿದ ಅಂಗುಲಗಳ ಅಳತೆಗೋಲನ್ನೇ ಬಳಸಬೇಕು. ಆತುರದಲ್ಲಿದ್ದ ಓಸ್ಗುಡ್ಡರು ಸಾದಾ ಗೋಲಿನಿಂದಲೇ ಅಳೆದರು. ಮೊದಲ ಮ್ಯಾನಿಫೋಲ್ಡು ಗಿಡ್ಡವಾಗಿ ಹುಟ್ಟಿತು. ಬೋಲ್ಟಿನ ತೂತುಗಳನ್ನು ಅರದಿಂದ ಉಜ್ಜಿ, ಹೇಗೋ ಎಳೆದು ಕೂರಿಸಿ, ರೂಫಸ್‌ನನ್ನು ಒಣಕೆರೆಗೆ ಕಳಿಸಿಕೊಟ್ಟರು.

ಧೂಳಿನೊಳಕ್ಕೆ ಹೋದ ಕಾರು ಮಗುಚಿಬಿದ್ದಿತ್ತು. ರೂಫಸ್ ಬದುಕಲಿಲ್ಲ. ಗಿಡ್ಡ ಮ್ಯಾನಿಫೋಲ್ಡಿನ ಸಂದಿನಿಂದ ಬರಿಗಾಳಿ ನುಗ್ಗಿ, ಪೆಟ್ರೋಲು ಸಾಲದೆ ಇಂಜಿನ್ನು ಕಚ್ಚಿಕೊಂಡು, ಚಕ್ರ ನಿಂತು ಕಾರು ಉರುಳಿತೆಂದು ಓಸ್ಗುಡ್ಡರು ಮನಸ್ಸಿನಲ್ಲೇ ತೀರ್ಪು ಬರೆದುಕೊಂಡರು. ಇನ್ನೊಬ್ಬರು ಪರೀಕ್ಷಿಸುವ ಮೊದಲೇ ಆ ಮ್ಯಾನಿಫೋಲ್ಡನ್ನು ಬಿಚ್ಚಿ ತಂದು, ಎರಕದ ನಾಚೋ ಅರ್ರಿಯಾಗಾನ ಕುಲುಮೆಗೆ ಹಾಕಿಬಿಟ್ಟರು.

ಆದರೆ ಎರಕದ ಮನೆಯಲ್ಲಿ ಯಾವುದೂ ಸಾಯುವುದಿಲ್ಲ. ಪ್ರತಿ ಎರಕದಲ್ಲಿ ಉಳಿದ ತುಂಡುಗಳನ್ನು ಮುಂದಿನ ಎರಕಕ್ಕೆ ಸೇರಿಸುವುದು ಅಲ್ಲಿಯ ಪದ್ಧತಿ. ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕಿದಂತೆ. ಸರಿಯಾದ ಗೋಲಿನಿಂದ ಅಳೆದು ಹೊಯ್ದ ಹೊಸ ಮ್ಯಾನಿಫೋಲ್ಡನ್ನು ಅಂಗಡಿಯ ಇಂಜಿನ್ನಿಗೆ ಬಿಗಿದು ಓಡಿಸಿದಾಗ, ಒಂದು ವೇಗದಲ್ಲಿ ಅದು ಮೂಗಿನಲ್ಲಿ ಗುನುಗತೊಡಗಿತು.

ನಾಚೋ ಎದೆಯ ಮೇಲೆ ಶಿಲುಬೆ ಎಳೆದುಕೊಂಡು ಹೇಳಿದ: "ಮಾಯೆಸ್ತ್ರೋ, ಗುರುವೇ, ಈ ಧ್ವನಿ ನಂಗೆ ಗೊತ್ತು. ನನ್ನ ಹತ್ರ ಸಿಗರೇಟು ಬೇಡ್ತಿದ್ದ ಧ್ವನಿ."

"ಗಾಳಿ ಕಣೋ. ಸುಮ್ನೆ ಕೆಲಸ ನೋಡು."

"ಗಾಳಿನೇ. ಯಾರ ಗಾಳಿ ಅಂತ ಕೇಳ್ತಿದೀನಿ."

ಯುದ್ಧ ಮುಗಿದು ಹುಡುಗರು ಮರಳಿದ ಮೇಲೆ ಬೇಡಿಕೆ ಎಷ್ಟಾಯಿತೆಂದರೆ, ಲಾಸ್ ಏಂಜಲೀಸಿನ ಪಕ್ಕದ ವರ್ನನ್ ಊರಿನಲ್ಲಿದ್ದ ಓಸ್ಗುಡ್ಡರ ಅಂಗಡಿಯ ಮುಂದಿನ ಸಾಲಿನ ಬಾಲ ಮೆಕ್ಸಿಕೋದಲ್ಲಿತ್ತು. ಒಣಕೆರೆಗೆ ಹೊರಟವರ ಕಾರಿಗೆ ಓಸ್ಗುಡ್ಡರು ತಾವೇ ಬಗ್ಗಿ, ಒಂದೊಂದು ಬೋಲ್ಟನ್ನೂ ಬಿಗಿದು, ಬಿಡಿಗಾಸು ಮುಟ್ಟದೆ ಕಳಿಸುತ್ತಿದ್ದರು. ಜನ ಅದನ್ನು ಔದಾರ್ಯವೆಂದು ಕೊಂಡಾಡಿದರು. ಅವರ ಬೆನ್ನಿನಲ್ಲಿ ಇಳಿಯುತ್ತಿದ್ದ ತಣ್ಣನೆಯ ಬೆವರು ಯಾರಿಗೂ ಕಾಣಲಿಲ್ಲ. ಒಣಕೆರೆಯತ್ತ ಮಾತ್ರ ಅವರು ಕಾಲಿಡಲಿಲ್ಲ.

ಒಂದು ವಸಂತದಲ್ಲಿ ರೂಫಸ್‌ನ ತಂಗಿ ಇಯೋನ್ ತನ್ನದೇ ಕಾರು ಕಟ್ಟಿಕೊಂಡು ಅಂಗಡಿಗೆ ಬಂದಳು.

"ಡೆಲ್, ಒಂದು ಮ್ಯಾನಿಫೋಲ್ಡು ಕೊಡು. ಹಾಡೋದೇ ಬೇಕು."

"ನಿಂಗೆ ಕೊಡಲ್ಲ."

"ಊರಿಗೆಲ್ಲ ಕೊಡ್ತೀಯ, ನಂಗ್ಯಾಕಿಲ್ಲ? ಹೆಂಗಸಿನ ಕೈಗೆ ಸ್ಪ್ಯಾನರ್ ಹಿಡಿಯಕ್ಕೆ ಬರಲ್ಲ ಅಂತಲಾ?"

"ನಿಮ್ಮಣ್ಣನ್ನ ಕೊಂದಿದ್ದು ನಾನು ಮಾಡಿದ ಮ್ಯಾನಿಫೋಲ್ಡು, ಇಯೋನ್. ಅಳತೆ ತಪ್ಪಿತ್ತು. ಗೊತ್ತಿದ್ದೇ ಕೂರಿಸಿದೆ."

"ಇಷ್ಟು ವರ್ಷ ಇದನ್ನ ಗಂಟಲಲ್ಲಿ ಇಟ್ಕೊಂಡು ಊಟ ಹೇಗೆ ಇಳೀತೋ ನಿಂಗೆ," ಎಂದಳು. "ಕೊಂದಿದ್ದು ಅದೇ ಆದ್ರೆ ನಂಗೂ ತಿಳಿಬೇಕು. ಕೊಡು. ನೀನೂ ಬಾ."

ಓಸ್ಗುಡ್ಡರು ಹೋದರು. ಕಣ್ಣು ಕುಕ್ಕುವ ಬೆಳಗಿನಲ್ಲಿ ಇಯೋನಳ ಕಾರು ಚಿಕ್ಕದಾಗುತ್ತ ಬಿಸಿಲ್ಗುದುರೆಯೊಳಕ್ಕೆ ಕರಗಿತು. ಗುನುಗು ಮಾತ್ರ ಸ್ಪಷ್ಟವಾಗಿ, ಪಕ್ಕದಲ್ಲೇ ಯಾರೋ ನಿಂತಂತೆ ಕೇಳುತ್ತಿತ್ತು. ಆಮೇಲೆ ನಿಂತಿತು. ಒಣಕೆರೆಯ ಮೌನ ಎಂಥದೆಂದರೆ ಮನುಷ್ಯನಿಗೆ ತನ್ನ ಉಗುರು ಬೆಳೆಯುವ ಸದ್ದು ಕೇಳುತ್ತದೆ.

ಬಹಳ ಹೊತ್ತಿನ ಮೇಲೆ ಕಾರು ನಡಿಗೆಯ ವೇಗದಲ್ಲಿ ಮರಳಿತು. ಇಯೋನ್ ಇಂಜಿನ್ನು ಆರಿಸಿ ಇಳಿದಳು.

"ಹಾಡ್ತಾನೇ ಇತ್ತು, ಡೆಲ್. ಒಂದ್ಕಡೆ ಥಟ್ಟನೆ ಬಾಯಿ ಮುಚ್ಕೊಂಡ್ಬಿಡ್ತು. ಅಣ್ಣ ಹಾಡು ನಿಲ್ಲಿಸ್ತಿದ್ದಿದ್ದು ಹೆದರಿದಾಗ ಮಾತ್ರ. ಅದಕ್ಕೇ ಕಾಲು ತೆಗೆದೆ. ಕಾರು ನಿಲ್ಲೋ ಹೊತ್ಗೆ ಮುಂದಿನ ಚಕ್ರ ನೆಲದೊಳಕ್ಕೆ ಇಳಿತಾ ಇತ್ತು. ರಿವರ್ಸ್ ಹಾಕ್ಕೊಂಡು ಬಂದೆ."

"ಇಂಜಿನ್ನು?"

"ಇಂಜಿನ್ನು ಚೆನ್ನಾಗಿದೆ. ನೆಲ ಚೆನ್ನಾಗಿಲ್ಲ."

ಇಬ್ಬರೂ ನಡೆದುಹೋದರು. ರೂಫಸ್ ಬಿದ್ದಲ್ಲಿ ಗೆಳೆಯರು ನೆಟ್ಟಿದ್ದ ಗೂಟಕ್ಕಿಂತ ಸ್ವಲ್ಪ ಈಚೆ, ಅವನ ಕಾರು ಮೊದಲು ಮುಗ್ಗರಿಸಿರಬಹುದಾದ ಜಾಗದಲ್ಲಿ, ಮೇಲೆ ಹಪ್ಪಳದಂತೆ ಒಣಗಿದ ಪೊರೆ, ಕೆಳಗೆ ಕರಿಕೆಸರು. ಪ್ರತಿ ಚಳಿಗಾಲದ ಮಳೆ ಅದನ್ನು ತುಂಬಿ, ಮಟ್ಟಸ ಮಾಡಿ, ಮುಚ್ಚಿಡುತ್ತಿತ್ತು. ಓಸ್ಗುಡ್ಡರು ಕಾಲಿಟ್ಟರು, ಮೊಣಕಾಲಿನವರೆಗೆ ಹೋಯಿತು. ಇಯೋನ್ ಎಳೆದಾಗ ಕಾಲು ಬಂತು, ಬೂಟು ಬರಲಿಲ್ಲ. ಕೆಳಗಿನಿಂದಲೂ ಏನೋ ಎಳೆಯಿತೆಂದು ಅವರು ಇಂದಿಗೂ ಹೇಳುತ್ತಾರೆ. ಆ ಕೆಸರಿಗೆ ಪಾತಾಳದವರೆಗೂ ತಳವಿಲ್ಲವೆಂಬ ಮಾತಿದೆ. ನಮ್ಮ ಪ್ರಕಾರ ಅದು ಕಡಿಮೆಯಾಯಿತು.

"ಅವನ್ನ ತಿಂದಿದ್ದು ಇದು," ಎಂದಳು ಇಯೋನ್. ಓಸ್ಗುಡ್ಡರು ಒಂದು ಕಾಲಿನ ಬೂಟಿನಲ್ಲೇ ಕೂತು ಅತ್ತರು.

ಅಂದಿನಿಂದ ಇಂದಿನವರೆಗೂ ಪ್ರತಿ ವಸಂತದಲ್ಲಿ ಓಸ್ಗುಡ್ಡರು ಕೋಲು ಹಿಡಿದು ಓಟದ ಹಾದಿಯನ್ನೆಲ್ಲ ತಟ್ಟಿ ನೋಡಿ ಬರುವ ತನಕ ಒಣಕೆರೆಯಲ್ಲಿ ಒಂದು ಇಂಜಿನ್ನೂ ಚಾಲೂ ಆಗುವುದಿಲ್ಲ. ಪುಂಡರೆನಿಸಿಕೊಂಡವರೂ ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಾರೆ. ಈಗ ಎಪ್ಪತ್ತರ ಹೊಸ್ತಿಲಲ್ಲಿ ಅವರು ಅಂಗಡಿಯ ಬೀಗದ ಕೈಯನ್ನು ಇಯೋನಳಿಗೆ ಒಪ್ಪಿಸಿ ವಿಶ್ರಾಂತಿ ಪಡೆಯುತ್ತಿದ್ದಾರೆ. ಕೋಲನ್ನು ಮಾತ್ರ ಒಪ್ಪಿಸಿಲ್ಲ. ಅವರು ನೂರು ವರ್ಷ ಬಾಳಲಿ, ನೂರೊಂದನೆಯ ವಸಂತದಲ್ಲೂ ಆ ಹಾದಿ ತಟ್ಟಲಿ ಎಂಬುದು ನಮ್ಮೆಲ್ಲರ ಹಾರೈಕೆ. ದೂರದ ಬಿಸಿಲ್ಗುದುರೆಯಲ್ಲಿ ಒಂಟಿಯಾಗಿ ಹೋದ ಓಸ್ಗುಡ್ಡರು ಮರಳುವಾಗ ಇಬ್ಬರಾಗಿ ಕಾಣುತ್ತಾರೆ. ಒಬ್ಬರಿಗೆ ದೀರ್ಘಾಯುಸ್ಸು ಕೋರಿದ್ದೇವೆ. ಇನ್ನೊಬ್ಬನಿಗೆ ಏನು ಕೋರಬೇಕೆಂದು ತಿಳಿಯದೆ, ಅವರು ಹತ್ತಿರ ಬಂದು ಒಬ್ಬರೇ ಆಗುವವರೆಗೂ, ಸುಮ್ಮನೆ ನಿಂತಿರುತ್ತೇವೆ.