ಹನ್ನೆರಡು ಕೋಟು ಅಂಟು

ನಾನು ಕಡೆದ ಮರದ ಪೆನ್ನನ್ನು ಕೈಗೆತ್ತಿಕೊಂಡು "ಪ್ಲಾಸ್ಟಿಕ್ಕೇನು?" ಎಂದು ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ತಪ್ಪು ಅವರದಲ್ಲ, ಹಾಗೆ ಕಾಣುವಂತೆ ಮಾಡಿದವನು ನಾನೇ. ಅದಕ್ಕೇ ಇನ್ನಷ್ಟು ಉರಿಯುತ್ತದೆ.

ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಲೇತ್ ಇದೆ. ಮಂಚದ ಕಾಲು, ಲಟ್ಟಣಿಗೆ ಕಡೆಯುವುದು ಹೊಟ್ಟೆಪಾಡು, ಪೆನ್ನು ಚಟ. ಕಡೆಯಲು ಅರ್ಧ ತಾಸು ಸಾಕು, ಹೊಳಪಿಗೆ ಅರ್ಧ ದಿನ ಬೇಕು. ಹರಿದ ಚಪ್ಪಲಿಗೆ ಹಾಕುತ್ತೀರಲ್ಲ, ನೀರಿನಂಥ ಅಂಟು, ಅದನ್ನೇ ತಿರುಗುವ ಪೆನ್ನಿಗೆ ಕಾಗದದಿಂದ ಸವರಬೇಕು, ಕಾಯಬೇಕು, ಉಜ್ಜಬೇಕು, ಮತ್ತೆ ಸವರಬೇಕು. ಹನ್ನೆರಡು ಸಲ, ಅಂದರೆ ಹನ್ನೆರಡು ಕೋಟು. ಆ ಹೊಗೆಗೆ ನಾನು ಸಾವಿನ ಮನೆಯವನಂತೆ ಕಣ್ಣೊರೆಸಿಕೊಳ್ಳುತ್ತಿರುತ್ತೇನೆ. ಈ ಅಂಟು ಒಣಗುವುದಿಲ್ಲ, ಗಾಳಿಯ ನೀರು ಕುಡಿದು ಗಟ್ಟಿಯಾಗುತ್ತದೆ. ಎಂಟನೇ ತರಗತಿಗೇ ಶಾಲೆ ಬಿಟ್ಟ ನನಗೆ ಇದನ್ನು ಕಲಿಸಿದ್ದು ಕಾಲುವೆ. ನೀರು ಬಿಟ್ಟು ಸುತ್ತಲ ಭತ್ತದ ಗದ್ದೆಗಳು ತುಂಬಿದವೋ, ಅಂಟು ಹೆಚ್ಚು ಕುಡಿದು ಬೆಳ್ಳಗೆ ಬೂದಿ ಬಡಿದಂತಾಗುತ್ತದೆ.

ಕಾಲುವೆ ಬಂದ ಮೇಲೆ ನಮ್ಮ ಶರಣಪ್ಪ ಕಾಕಾ ಎತ್ತು ಮಾರಿ ಟ್ರ್ಯಾಕ್ಟರ್ ಹಿಡಿದರು. ನೆಲ ಉಳುತ್ತಿದ್ದ ಅವರ ಮರದ ರಂಟೆ ಒಲೆಗೆ ಹೋಯಿತು. ಉಳಿದದ್ದು ಅದರ ಹಿಡಿಕೆಯ ಗೇಣುದ್ದದ ಜಾಲಿ ತುಂಡು. ಅದನ್ನೇ ತಂದು ಕೊಟ್ಟರು.

"ನಮ್ಮ ಮಾದೇವಿ ಸೋಮವಾರ ಗುರುಮಠಕಲ್ ಸಾಲ್ಯಾಗ ಟೀಚರಾಗಿ ಹಾಜರಾಗ್ಬೇಕು. ಮೊದಲ್ನೇ ಸಹಿ ಇದರಲೇ ಆಗ್ಬೇಕು. ಕನ್ನಡಿ ಇದ್ದಂಗ ಹೊಳೀಬೇಕು ತಮ್ಮಾ. ಕೆಡಿಸಿದಿ ಅಂದ್ರ ಇನ್ನೊಂದು ತುಂಡಿಲ್ಲ."

ಭಾನುವಾರ ಮಧ್ಯಾಹ್ನ ಅಪ್ಪ ಮಗಳು ಬಸ್ಸಿಗೆ ಹೊರಟು ಬಂದಾಗ ಹನ್ನೆರಡನೇ ಕೋಟು ಇನ್ನೂ ಹಸಿ. ಮುಟ್ಟಬೇಡಿ ಎಂದು ಹೇಳಿ ಬಟ್ಟೆ ಹುಡುಕಲು ತಿರುಗಿದೆ. ವಿಭೂತಿ ಹಚ್ಚದೆ ಕಾಕಾರ ಮನೆಯಲ್ಲಿ ಯಾವ ಹೊಸ ವಸ್ತುವೂ ಬಳಕೆಗೆ ಬರುವುದಿಲ್ಲ, ಟ್ರ್ಯಾಕ್ಟರೂ ಬಂದಿರಲಿಲ್ಲ. ನೀರಿನಲ್ಲಿ ಕಲಸಿದ ವಿಭೂತಿಯ ಮೂರು ಬೆರಳನ್ನು ಕಾಕಾ ಪೆನ್ನಿನ ಮೇಲೆ ಎಳೆದೇ ಬಿಟ್ಟರು. ಹಸಿ ಅಂಟಿಗೆ ನೀರೂ ಬೂದಿಯೂ ಒಟ್ಟಿಗೆ ಸಿಕ್ಕವು. ಬುಸ್ಸೆಂದು ಹೊಗೆ ಎದ್ದಿತು. ಮೂರೂ ಬೆರಳು ಪೆನ್ನಿಗೆ ಕಚ್ಚಿಕೊಂಡವು.

"ಮುಟ್ಟಬ್ಯಾಡ್ರಿ ಅಂದಿದ್ದಿಲ್ಲೇನ್ರಿ ಕಾಕಾ?"

"ನಾ ಎಲ್ಲಿ ಮುಟ್ಟೀನಿ? ಪೂಜಿ ಮಾಡೀನಿ. ನೀ ಯಾಕ ಅದನ್ನ ಅಷ್ಟು ಸುಡು ಸುಡು ಇಟ್ಟೀದಿ?"

ಮಾದೇವಿಗೆ ನಗು ತಡೆಯಲಿಲ್ಲ. "ಅಪ್ಪಾ, ನೀನೂ ನಡಿ ಸಾಲಿಗೆ. ಪೆನ್ನು ನೀ ಹಿಡಿ, ಸಹಿ ನಾ ಮಾಡ್ತೀನಿ."

ನಾನು ನಗಲಿಲ್ಲ. ಪಕ್ಕದ ಬಳೆ ಅಂಗಡಿಯಿಂದ ಉಗುರುಬಣ್ಣ ಅಳಿಸುವ ನೀರು ತಂದು ಸುರಿದೆ. ಬೆರಳು ಬಿಟ್ಟವು. ಜೊತೆಗೆ ನನ್ನ ಅರ್ಧ ದಿನವೂ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಬಸ್ಸಿಗೆ ಇಪ್ಪತ್ತು ನಿಮಿಷ ಉಳಿದಿತ್ತು. ಇದ್ದಬದ್ದ ಅಂಟನ್ನೆಲ್ಲ ಬ್ಲೇಡಿನಿಂದ ಕೆರೆದು, ಬರೀ ಮರಕ್ಕೆ ಕುಸುಬಿ ಎಣ್ಣೆ ತಿಕ್ಕಿ ಕೊಟ್ಟೆ.

"ತಗೋರಿ. ಇನ್ನ ಇದಕ್ಕ ಸಗಣಿ ಬೇಕಾದ್ರೂ ಬಡೀರಿ."

"ಹೊಳೆಯೂದೇ ಇಲ್ಲಲ್ಲೋ," ಎಂದರು ಕಾಕಾ, ಮುಖ ಸಣ್ಣದು ಮಾಡಿಕೊಂಡು. ಮಾದೇವಿ ಪೆನ್ನನ್ನು ಚೀಲಕ್ಕೆ ಹಾಕಿಕೊಂಡಳು. ಆ ಸಿಟ್ಟು ನನಗೆ ವಾರವಿಡೀ ಇಳಿಯಲಿಲ್ಲ.

ಮೂರು ತಿಂಗಳಾದ ಮೇಲೆ ಮಾದೇವಿ ಫೋನ್ ಮಾಡಿದಳು. "ಅಣ್ಣಾ, ಸಹಿ ಅದರಲೇ ಆತು. ಆದ್ರ ಹಿಡಿಯೋ ಜಾಗಾ ಬೆವರಿಗೆ ಕರ್ರಗಾಗ್ಯಾದ. ಅಪ್ಪ ಕೈಯಾಗ ಹಿಡದು, ನನ್ನ ರಂಟಿ ಹಿಂಗೇ ಇತ್ತು ಅಂತ ಕುಂತಾನ. ಉಜ್ಜಿ ಕೊಡ್ತೀಯೇನು?"

ಆಗ ನೆನಪಾಯಿತು. ಕಾಕಾ ತಂದ ತುಂಡು ಕೈಯಾಡಿ ಆಡಿ ಕಪ್ಪಗೆ, ನುಣ್ಣಗೆ, ಗುಡಿಯ ಕಲ್ಲಿನಂತೆ ಹೊಳೆಯುತ್ತಿತ್ತು. ಕೊಳೆ ಎಂದುಕೊಂಡು ಉಳಿಯ ಮೊದಲ ಏಟಿಗೇ ಹಾರಿಸಿದ್ದೆ. ಒಬ್ಬ ಮನುಷ್ಯ ಜೀವಮಾನವಿಡೀ ಹಚ್ಚಿದ ಕೋಟನ್ನು ಗುಡಿಸಿ ಹೊರಗೆ ಚೆಲ್ಲಿ, ಅದರ ಜಾಗಕ್ಕೆ ಅರ್ಧ ದಿನ ಅಂಟು ಬಳಿದವನು ನಾನು. ಬೈಸಿಕೊಂಡವರು ಮಾತ್ರ ಕಾಕಾ.

"ಉಜ್ಜಬ್ಯಾಡವ್ವ," ಎಂದೆ. "ಬರಕೋತ ಇರು."